ಹೆಸರು ಮುಂದಿನ ಸಂತೆಗೆ

ಇವತ್ತು ಪೊನ್ನಂಪೇಟೆ ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುತ್ತಿದ್ದಾಗ ಒಬ್ಬಾಕೆಯ ಸೀರೆಯಿಂದ ಕಾಫಿ ಹಣ್ಣಿನ ಹುಳಿ ವಾಸನೆ ಬಂತು. ಚಿಕ್ಕಮ್ಮ ನೆನಪಾದರು.

ನನ್ನ ಚಿಕ್ಕಂದಿನಲ್ಲಿ, ಸಂತೆ ಮುಗಿಸಿ ನಮ್ಮೂರು ಬಾಳೆಲೆಯ ಬಸ್ಸಿಗೆ ಕಾಯುವಾಗ ಅವರು ಅಪರಿಚಿತರನ್ನು ತೋರಿಸಿ ನನಗೆ ಕಥೆ ಕಟ್ಟುತ್ತಿದ್ದರು. ಒಮ್ಮೆ, ಗಂಟು ಹಿಡಿದು ಕೂತಿದ್ದ ಕಾಫಿ ಕೊಯ್ಲಿನ ಹೆಂಗಸನ್ನು ನೋಡಿ ಪಿಸುಗುಟ್ಟಿದರು: "ಮಗಳ ಬಾಣಂತನಕ್ಕೆ ಹೊರಟಿದ್ದಾಳೆ. ಗಂಟಲ್ಲಿರೋದು ಮಗೂಗೆ ಹಾಸೋಕೆ ಹಳೇ ಸೀರೆ."

ಆಕೆಗೆ ಕೇಳಿಸಿಬಿಟ್ಟಿತು. "ನಂಗೆ ಮಕ್ಕಳೇ ಇಲ್ಲ ಅಕ್ಕಾ," ಎಂದಳು.

ಚಿಕ್ಕಮ್ಮನ ಮುಖ ಸಣ್ಣಗಾಯಿತು. ಆಕೆಯೇ ಹತ್ತಿರ ಸರಿದಳು. "ಇರ್ಲಿ, ಹೇಳಿ. ಮಗು ಗಂಡಾ, ಹೆಣ್ಣಾ?"

"ಹೆಣ್ಣು. ಮೂಗು ನಿಮ್ಮದೇ."

"ಅಯ್ಯೋ ಪಾಪ, ಮದುವೆ ಕಷ್ಟ. ಹೆಸರೇನಿಡೋಣ?"

ಅಷ್ಟರಲ್ಲಿ ಎಸ್ಟೇಟ್ ಜೀಪು ಹಾರ್ನ್ ಹೊಡೆಯಿತು. "ಮುಂದಿನ ಸಂತೆಗೆ ಹೇಳಿ ಅಕ್ಕಾ," ಎನ್ನುತ್ತ ಓಡಿದಳು.

ಚಿಕ್ಕಮ್ಮ ವಾರವಿಡೀ ಯೋಚಿಸಿ 'ಭಾಗ್ಯ' ಎಂದು ಆರಿಸಿದರು. ಆಕೆ ಸಂತೆಗೆ ಬರಲಿಲ್ಲ. ಜೀಪಿನ ಗುರುತು ಹಿಡಿದು ಎಸ್ಟೇಟಿಗೇ ಹೋದೆವು. ಕಾಫಿ ಪಿಕ್ಕಿಂಗ್ ಮುಗಿದು ಕೆಲಸದವರ ಲೈನ್‌ಮನೆಗಳು ಖಾಲಿಯಾಗಿದ್ದವು. ಎಲ್ಲಿಗೆ ಹೋದಳೆಂದು ಚಿಕ್ಕಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದರು.

"ಯಾರಮ್ಮಾ? ಹೆಸರು ಹೇಳಿ."

ಚಿಕ್ಕಮ್ಮ ನನ್ನ ಮುಖ ನೋಡಿದರು. ಅದನ್ನು ನಾವಿಬ್ಬರೂ ಕೇಳಿರಲಿಲ್ಲ.

ಇವತ್ತಿನ ಕರಪತ್ರ ನಾನೇ ಬರೆದದ್ದು. ಎಸ್ಟೇಟ್ ಕೆಲಸದವರಿಗಾಗುವ ಅನ್ಯಾಯದ ಬಗ್ಗೆ ಎಷ್ಟೆಲ್ಲ ಬರೆದಿದ್ದೇನೆ. ಅದರಲ್ಲಿ ಒಬ್ಬಳೇ ಒಬ್ಬ ಹೆಂಗಸಿಲ್ಲ, 'ಕಾರ್ಮಿಕರು' ಮಾತ್ರ ಇದ್ದಾರೆ.