ಮನೆ ಬಿಡಿಸಲು ಟ್ರಕ್ ಅಡವಿಟ್ಟ ಒದಾಲಿಸ್

ಟ್ಯಾಂಪಾ ನಗರದ ಪಶ್ಚಿಮದ ಬೀದಿಗಳಲ್ಲಿ ಬ್ರೆಡ್ಡಿನಂಗಡಿಗಳು ಬಾಗಿಲು ತೆರೆಯುವ ಹೊತ್ತು. ಒದಾಲಿಸ್ ಬೆನ್ಕೋಮೊ ತಮ್ಮ ಹಳೆಯ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಅದನ್ನೇ ಮೇಜು ಮಾಡಿಕೊಂಡು ನಿಂತಿದ್ದಾರೆ. ಶುಕ್ರವಾರ, ಬಟವಾಡೆಯ ದಿನ. ಒಂದು ಕೈಯಲ್ಲಿ ಹಾಲು ಕಾಫಿ, ಇನ್ನೊಂದರಲ್ಲಿ ಚೆಕ್ಕು. ಎದುರಿಗೆ ಗೋಡೆಗೆ ಜಿಪ್ಸಂ ಹಲಗೆ ಕೂರಿಸುವ ಎವೆಲಿಯೊ.

"ಮೊದಲು ಸಹಿ ಹಾಕು."

"ಯಜಮಾನಿ, ನಿನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನ ಎತ್ಕೊಂಡು ನಿಂತೋನು ನಾನು. ನನ್ನ ಮೇಲೇ ಅನುಮಾನಾನಾ?"

"ಆ ಸಲಿಗೆಗೇ ಅಲ್ವಾ ಹೋದ ವರ್ಷ ನಾನು ಬೀದಿಗೆ ಬೀಳ್ತಿದ್ದಿದ್ದು? ಹಾಕು, ಕಾಫಿ ಆರ್ತಿದೆ."

ಒದಾಲಿಸ್ ಸಣ್ಣ ಕಂಟ್ರಾಕ್ಟರ್. ಅಡುಗೆಮನೆ, ಸೂರು, ಗೋಡೆ ರಿಪೇರಿ ಅವರ ಕೆಲಸ. ಇಲ್ಲಿ ಕೂಲಿಯವನಿಗೋ ಸಾಮಾನು ಕೊಟ್ಟವನಿಗೋ ಹಣ ಸಿಗದಿದ್ದರೆ, ಅವನು ನೇರವಾಗಿ ಆ ಮನೆಯ ಮೇಲೇ ಹಕ್ಕು ಹೂಡಬಹುದು; ಬಾಕಿ ತೀರದಿದ್ದರೆ ಮನೆ ಹರಾಜಿಗೂ ಹೋಗಬಹುದು. ಮನೆಯವರು ಕಂಟ್ರಾಕ್ಟರಿಗೆ ಪೂರ್ತಿ ಕೊಟ್ಟಿದ್ದರೂ ಅಷ್ಟೆ. ಅದಕ್ಕೇ ಚೆಕ್ಕಿಗೆ ಮೊದಲು "ಬಾಕಿ ಇಲ್ಲ" ಎಂಬ ಸಹಿ, ಸಾಮಾನಿನ ಅಂಗಡಿಯವನದೂ ಸೇರಿ.

ಹೋದ ವರ್ಷ ಒಂದೇ ಒಂದು ಸಲ ಅದು ತಪ್ಪಿತು. ಶಾಲಾ ಬಸ್ ಓಡಿಸುವ ವರ್ನೆಟಾ ಅವರ ಅಡುಗೆಮನೆ ಮುಗಿದಿತ್ತು. ಎವೆಲಿಯೊಗೆ ಕೊನೆಯ ಚೆಕ್ಕು ಸಿಕ್ಕಿದ್ದು ಒದಾಲಿಸ್ ಮಗಳ ಹುಟ್ಟುಹಬ್ಬದ ಊಟದ ಮಧ್ಯೆ. "ಮಗಳ ಧರ್ಮಪಿತ ಕಣ್ರೀ. ಹಂದಿಮಾಂಸ ಬಡಿಸ್ತಾ ಅಂಗಡಿಯವನ ಸಹಿ ಎಲ್ಲಿ ಅಂತ ಕೇಳೋಕೆ ನಾಚಿಕೆ ಆಯ್ತು," ಎನ್ನುತ್ತಾರೆ ಒದಾಲಿಸ್. ಎವೆಲಿಯೊ ಆ ಹಣದಲ್ಲಿ ತನ್ನ ಹಳೇ ಸಾಲ ತೀರಿಸಿದ. ಅವನಿಗೆ ಹಲಗೆಯನ್ನು ಸಾಲಕ್ಕೆ ಕೊಟ್ಟಿದ್ದ ಅಂಗಡಿಯವನು ವರ್ನೆಟಾ ಅವರ ಮನೆಯ ಮೇಲೆ ಹಕ್ಕು ಹೂಡಿದ.

ವರ್ನೆಟಾ ತಮ್ಮ ಮಗಳ ನರ್ಸಿಂಗ್ ಓದಿಗೆಂದು ಮನೆಯ ಮೇಲೆ ಕೇಳಿದ್ದ ಸಾಲವನ್ನು ಬ್ಯಾಂಕು ತಡೆಹಿಡಿಯಿತು. "ನಿಂಗೆ ಎಲ್ಲಾ ಕೊಟ್ಟಾಯ್ತಲ್ಲ, ಮತ್ತೆ ನನ್ನ ಮನೆ ಯಾಕೆ?" ಎಂದು ವರ್ನೆಟಾ ಒದಾಲಿಸ್ ಅವರನ್ನು ಕೇಳಿದರು. ದಿನಾ ಬೆಳಿಗ್ಗೆ ಈ ಬೀದಿಯಲ್ಲಿ ಹಾರ್ನ್ ಹೊಡೆದು ಹೋಗುತ್ತಿದ್ದ ಬಸ್ಸು ಸುಮ್ಮನೆ ಹೋಗತೊಡಗಿತು.

ಒದಾಲಿಸ್ ಟ್ರಕ್ಕು, ಸಲಕರಣೆ ಎಲ್ಲ ಅಡವಿಟ್ಟು, ಬಾಕಿ ಹಣಕ್ಕೆ ಮನೆಯ ಬದಲು ಜಾಮೀನಾಗಿ ಬಾಂಡ್ ಬರೆಸಿದರು. ಅಂಗಡಿಯವನ ಹಕ್ಕು ಮನೆ ಬಿಟ್ಟು ಬಾಂಡಿನ ಮೇಲೆ ಕೂತಿತು. ಮನೆ ಬಿಡುಗಡೆಯಾಯಿತು, ಸಾಲವೂ ಸಿಕ್ಕಿತು. ಇನ್ನು ಅಂಗಡಿಯವನು ಹೂಡಿದ ಮೊಕದ್ದಮೆಯಲ್ಲಿ ತಾವು ಸೋತರೆ ಟ್ರಕ್ಕಿಲ್ಲ, ಟ್ರಕ್ಕಿಲ್ಲದೆ ಕೆಲಸವಿಲ್ಲ.

ಕೊನೆಯ ಸಾಮಾನು ಕೊಟ್ಟ ತೊಂಬತ್ತು ದಿನದೊಳಗೆ ಹಕ್ಕು ಹೂಡಬೇಕೆಂಬುದು ಇಲ್ಲಿಯ ಕಾನೂನು. ಹಲಗೆಯಿಂದ ಎಣಿಸಿದರೆ ಗಡುವು ಮೀರಿತ್ತು; ಅಂಗಡಿಯವನು ಲೆಕ್ಕ ಹಿಡಿದದ್ದು ಕೊನೆಗೆ ಕೊಟ್ಟ ಒಂದು ಬಕೆಟ್ ಗೋಡೆಪುಟ್ಟಿಯಿಂದ. ಒದಾಲಿಸ್‌ಗೆ ಆ ಬಕೆಟ್ ಚೆನ್ನಾಗಿ ನೆನಪಿತ್ತು. ಕೆಲಸವೆಲ್ಲ ಮುಗಿದ ಮೇಲೆ ಬಾಗಿಲ ಹಿಂದೆ ಗೋಡೆ ಬಿರುಕು ಬಿಟ್ಟಿತ್ತು. ಅವರು ಬೈದ ಮೇಲೆ ಎವೆಲಿಯೊ ಅದನ್ನು ತಂದು ಮೆತ್ತಿದ್ದ. ತಪ್ಪು ತಿದ್ದಲು ತಂದ ಸಾಮಾನಿನಿಂದ ಗಡುವು ಬೆಳೆಯದು ಎಂದರು ವಕೀಲರು. ಆದರೆ ಬಕೆಟ್ ತಂದದ್ದೇಕೆಂದು ನ್ಯಾಯಾಲಯದಲ್ಲಿ ಹೇಳಬೇಕಾದವನು ಎವೆಲಿಯೊ. ತನ್ನ ಕೆಲಸ ಕೆಟ್ಟದ್ದನ್ನೂ ಹಣ ತಿಂದದ್ದನ್ನೂ ಎಲ್ಲರೆದುರು ಒಪ್ಪಿಕೊಳ್ಳಬೇಕು.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. "ಬಿರುಕು ಬಿಟ್ಟಿದ್ದು ನನ್ನ ಕೆಲಸ. ಬಕೆಟ್ ತಂದಿದ್ದು ಅದನ್ನ ಮುಚ್ಚೋಕೆ. ದುಡ್ಡು ಖರ್ಚು ಮಾಡ್ಕೊಂಡಿದ್ದೂ ನಾನೇ," ಎಂದ.

ಹಕ್ಕು ಬಿದ್ದುಹೋಯಿತು. "ಇನ್ಮೇಲೆ ನಿಂಗೆ ಸಾಲಕ್ಕೆ ಒಂದು ಮೊಳೆನೂ ಇಲ್ಲ ಕಣೋ!" ಎಂದು ಅಂಗಡಿಯವನು ನ್ಯಾಯಾಲಯದ ಮೆಟ್ಟಿಲ ಮೇಲೇ ಎವೆಲಿಯೊ ಮೇಲೆ ಕೂಗಾಡಿದ.

ಒದಾಲಿಸ್ ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಹಲಗೆಯ ಬಾಕಿ ತೀರಲೆಂದು ಅಂದಿನಿಂದ ಎವೆಲಿಯೊನ ಚೆಕ್ಕು ಬರೆಯುವುದು ಇಬ್ಬರ ಹೆಸರಿಗೆ, ಅವನದು ಮತ್ತು ಆ ಅಂಗಡಿಯದು. "ಗೆದ್ದೆ, ಸರಿ. ಆದ್ರೆ ಹಲಗೆ ಕೊಟ್ಟಿದ್ದು ಸುಳ್ಳಲ್ವಲ್ಲ? ನಮ್ಮಪ್ಪ ಗಾರೆಯವನು. ಬರಿಗೈಲಿ ಮನೆಗೆ ಬಂದ ದಿನ ಅವನ ಮುಖ ಹೇಗಿರ್ತಿತ್ತು ಅಂತ ನಂಗೊತ್ತು."

ಆಸೆಯೇನಾದರೂ ಇದೆಯೇ? ಅವರು ಕಾಫಿಯ ಕೊನೆಯ ಗುಟುಕು ಮುಗಿಸುತ್ತಾರೆ. "ಕೆಲಸ ಮಾಡಿದ ಬೀದೀಲಿ ಮುಖ ಮರೆಸ್ಕೊಂಡು ಓಡಾಡೋ ಹಾಗೆ ಆಗಬಾರದು. ಅಷ್ಟೆ."

ಹಳದಿ ಬಸ್ಸು ತಿರುವಿನಲ್ಲಿ ಕಾಣಿಸುತ್ತದೆ. ಹಾರ್ನ್ ಉದ್ದಕ್ಕೆ ಕೂಗುತ್ತದೆ. ಕಿಟಕಿಯಿಂದ ವರ್ನೆಟಾ ತಲೆ ಹೊರಹಾಕಿ, "ಯಾರ ಡಬ್ಬಾ ಟ್ರಕ್ಕೇ ಇದು, ದಾರಿಗೆ ಅಡ್ಡ?" ಎನ್ನುತ್ತಾರೆ.

ಒದಾಲಿಸ್ ಹಿಂಬಾಗಿಲನ್ನು ದಡಕ್ಕನೆ ಮುಚ್ಚುತ್ತಾರೆ.

"ನಂದೇ ಕಣಮ್ಮಾ. ನಂದೇ!"