ಪರದೆಯ ಮೇಲೆ ಬಂದ ಮನೆಯ ಗುರುತು

ಹೋದ ವರ್ಷ ತೊಗರಿ ಹೂ ಬಿಟ್ಟಿದ್ದ ದಿನಗಳ ಮಾತು. ಆಗ ನಾನು ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಫಿಟ್ಸ್ ಕಾಯಿಲೆಯ ಸಂಶೋಧನೆಗೆ, ಕಾಯಿಲೆ ಇದ್ದವರು ಇಲ್ಲದವರು ಎಲ್ಲರ ಮಾಹಿತಿ ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದೆ. ಅಫಜಲಪುರ, ಜೇವರ್ಗಿ ಕಡೆಯೂ ನನ್ನಂಥ ಹೆಣ್ಣುಮಕ್ಕಳಿದ್ದರು. "ನಿಮ್ಮ ಹೆಸರು ಎಲ್ಲೂ ಹೋಗಂಗಿಲ್ರಿ, ಬರೇ ನಂಬರ್ ಹೋಗ್ತದ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅದು ನನಗೆ ಬಾಯಿಪಾಠವಾಗಿತ್ತು.

ಆದರೆ ನಮ್ಮ ಊರುಗಳಲ್ಲಿ ನಂಬರ್ ಹಿಡಿದುಕೊಂಡು ಹೋದರೆ ಯಾರ ಮನೆಯೂ ಸಿಗುವುದಿಲ್ಲ. ಹೆಸರು ಹಿಡಿದು ಹೋದರೂ ಅಷ್ಟೆ, ಒಂದೇ ಓಣಿಯಲ್ಲಿ ನಾಲ್ಕು ಮಂದಿ ಮಹಾದೇವಿಯರು! ಎರಡನೇ ಸಲ ಹೋದಾಗ ಮನೆ ತಪ್ಪಬಾರದೆಂದು, ಟ್ಯಾಬಿನಲ್ಲಿ ಕೊನೆಗಿದ್ದ 'ಷರಾ' ಎಂಬ ಖಾಲಿ ಜಾಗದಲ್ಲಿ ನಾನು ಗುರುತು ಬರೆದಿಡುತ್ತಿದ್ದೆ. ಗುಡಿ ಎದುರಿನ ಮನೆ, ಕುಂಟ ಎಮ್ಮೆಯ ಮನೆ, ಹೀಗೆ. ಆ ಮನೆಯಲ್ಲಿ ನೆನಪಿಡಬೇಕಾದ ಮಾತಿದ್ದರೆ ಅದನ್ನೂ. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ಬುದ್ಧಿವಂತಿಕೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ನರೋಣಾ ಕಡೆಯ ಒಂದು ಊರಿನಲ್ಲಿ ಒಬ್ಬ ಸೊಸೆ ಇದ್ದಾಳೆ. ಅವಳ ಹೆಸರು ಹೇಳುವುದಿಲ್ಲ. ಇಲ್ಲಿ ಬರೆಯುವ ಮನೆಯ ಗುರುತನ್ನೂ ಬದಲಿಸಿದ್ದೇನೆ. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಾ ಗುಳಿಗೆ ನುಂಗುವುದರಿಂದ ಮದುವೆಯಾದ ಮೇಲೆ ಒಮ್ಮೆಯೂ ಬಂದಿಲ್ಲ. ಅತ್ತೆಮನೆಯವರಿಗೆ ಈ ವಿಷಯ ಮುಚ್ಚಿಟ್ಟೇ ಮದುವೆ ಮಾಡಿದ್ದರು. ಅತ್ತೆ ಹೊಲಕ್ಕೆ ಹೋಗಿದ್ದಾಗ ಅವಳು ಜೋಳದ ಡಬ್ಬಿಯ ತಳದಿಂದ ಗುಳಿಗೆ ತೆಗೆದು ನನಗೆ ತೋರಿಸಿ, "ಅಕ್ಕೋರೆ, ಇವ್ರಿಗಿ ಗೊತ್ತಾದ್ರ ನನ್ನ ತವರಿಗೆ ಅಟ್ಟತಾರ್ರಿ. ಮಗಳನ್ನೂ ಕೊಡಂಗಿಲ್ಲ" ಎಂದಿದ್ದಳು. ನಾನು ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ.

ಒಂದು ದಿನ ಜೇವರ್ಗಿಯಲ್ಲಿ ಮಾಹಿತಿ ಬರೆಯುವವರ ಸಭೆ ಕರೆದಿದ್ದರು, ಮೂರೂ ತಾಲ್ಲೂಕಿನವರು ಕೂತಿದ್ದೆವು. ನನ್ನ ಪಕ್ಕದಲ್ಲಿ ಅಫಜಲಪುರದ ರೇಣುಕಾ. ಈ ಹೆಸರೂ ನಾನು ಇಟ್ಟದ್ದೇ. ಅವಳು ಬೇರೆ ಯಾರೂ ಅಲ್ಲ, ಆ ಸೊಸೆಯ ನಾದಿನಿ, ಗಂಡನ ಸ್ವಂತ ತಂಗಿ.

ಮೈಸೂರು ಕಡೆಯ ಸಂಶೋಧಕರೊಬ್ಬರು ಪರದೆಯ ಮುಂದೆ ನಿಂತು, ನಾವು ಬರೆದದ್ದು ಎಲ್ಲಿಗೆ ಹೋಗುತ್ತದೆಂದು ವಿವರಿಸುತ್ತಿದ್ದರು. "ಇಷ್ಟು ದೊಡ್ಡ ಲೆಕ್ಕ ಒಂದು ಕಂಪ್ಯೂಟರ್ ಕೈಲಿ ಆಗೋದಿಲ್ಲ. ಒಬ್ಬರ ಹೊಲದ ರಾಶಿಗೆ ಹತ್ತು ಜನ ಕೈಹಾಕ್ತಾರಲ್ಲ, ಹಾಗೆ ಬೇರೆ ಬೇರೆ ಊರಿನ ಕಂಪ್ಯೂಟರುಗಳು ಕೆಲಸ ಹಂಚಿಕೊಳ್ತವೆ. ಇದಕ್ಕೇ ಗ್ರಿಡ್ ಅಂತಾರೆ. ಹೆಸರು, ಫೋನ್ ನಂಬರ್ ಮಾತ್ರ ನಮ್ಮ ಹತ್ರನೇ ಭದ್ರ. ಬೇಕಾದ್ರೆ ಒಂದು ಸಾಲು ತೆಗೆದು ತೋರಿಸ್ತೀನಿ."

ಪರದೆಯ ಮೇಲೆ ಒಂದು ಸಾಲು ಬಂತು. ನಂಬರ್, ವಯಸ್ಸು, ಊರು. ಅವರು ಬಲಕ್ಕೆ ಸರಿಸುತ್ತಾ ಹೋದರು. ಕೊನೆಯಲ್ಲಿ ಅಚ್ಚಗನ್ನಡದಲ್ಲಿ ನನ್ನ ಷರಾ: 'ಗಿರಣಿ ಹಿಂದ, ಎರಡು ಹುಣಸಿ ಗಿಡ, ನೀಲಿ ಬಾಗಿಲ...'

 

"ಅಯ್ಯ ಅಕ್ಕಾ, ಇದು ನಮ್ಮ ತವರಮನಿ ಅಲ್ಲೇನ್ರಿ!" ರೇಣುಕಾ ಖುಷಿಯಿಂದ ನನ್ನ ಮೊಣಕೈ ತಿವಿದಳು.

ಸಾಲು ಅಲ್ಲಿಗೆ ಮುಗಿದಿರಲಿಲ್ಲ. ಮುಂದಿನ ಮಾತು ಪರದೆಯ ಅಂಚಿನಾಚೆ ಇತ್ತು: 'ಅತ್ತಿ ಮುಂದ ಕೇಳಬಾರದು, ಫಿಟ್ಸ್ ಗುಳಿಗಿ ಕದ್ದು ತಗೋತಾಳ.' ಬರೆದವಳು ನಾನು, ನನಗೆ ಗೊತ್ತಿರದೆ ಇರುತ್ತದೆಯೇ? ಅವರ ಕೈ ಇನ್ನೂ ಮೌಸಿನ ಮೇಲೇ ಇತ್ತು.

ಕುರ್ಚಿ ಬಿದ್ದದ್ದು ಕೇಳಿಸಿತು. ಹೇಗೆ ಓಡಿದೆನೋ ಗೊತ್ತಿಲ್ಲ, ಪ್ರೊಜೆಕ್ಟರಿಗೆ ಅಡ್ಡ ನಿಂತುಬಿಟ್ಟಿದ್ದೆ. ನನ್ನದೇ ಅಕ್ಷರಗಳು ನನ್ನ ಸೀರೆಯ ಮೇಲೆ ಬಿದ್ದಿದ್ದವು. "ಬಂದ್ ಮಾಡ್ರಿ! ಮೊದಲ ಅದನ್ನ ಬಂದ್ ಮಾಡ್ರಿ!" ಎಂದು ಕಿರುಚಿದೆ.

"ಏನಾಯ್ತು ಮೇಡಂ?" ಎಂದು ಅವರು ಗಾಬರಿಯಾಗಿ ಪ್ರೊಜೆಕ್ಟರ್ ಆರಿಸಿದರು. ನಾನು ಅವರನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಷರಾ ಕಾಲಂ ಯಾರೂ ನೋಡಿಲ್ಲ. ಜಾಗ ಖಾಲಿ ಇರುತ್ತೆ ಅಂದ್ಕೊಂಡಿದ್ವಿ. ಆಚೆ ಊರಿನ ಕೇಂದ್ರಗಳಲ್ಲಿ ಕನ್ನಡ ಓದೋರೂ ಇಲ್ಲ. ತಪ್ಪು ನಿಮ್ಮೊಬ್ಬರದಲ್ಲ" ಎಂದರು. ಅಲ್ಲೇ ನಿಂತು ಫೋನ್ ಮಾಡಿ ಹಂಚಿಕೆ ನಿಲ್ಲಿಸಿದರು. ಸಂಜೆಯೊಳಗೆ ಆ ಕಾಲಂ ಎಲ್ಲ ಕಡೆಯಿಂದ ಅಳಿಸಿಹಾಕಿಸಿದರು.

ಒಳಗೆ ಬಂದರೆ ರೇಣುಕಾ ಬಿಡಲಿಲ್ಲ. "ನಮ್ಮ ಮನಿದು ಅದರಾಗ ಏನಿತ್ರಿ?"

"ಹೇಳಂಗಿಲ್ಲ ತಂಗಿ. ನೀ ಬರಕೊಂಡ ಬಂದ ಮನಿಯವರ ಮಾತು ನೀ ನನಗ ಹೇಳ್ತಿಯೇನು?"

ಅವಳು ಸಿಟ್ಟು ಮಾಡುತ್ತಾಳೆ ಅಂದುಕೊಂಡೆ. ಬದಲಿಗೆ ಅವಳ ಮುಖವೇ ಬಿಳಿಚಿಕೊಂಡಿತು. "ಅಕ್ಕಾ, ನಾನೂ ಹಿಂಗೇ ಬರದೀನ್ರಿ. ಸೊನ್ನ ಊರಾಗ ಎಲ್ಲಾ ಮನಿದೂ ಬರದೀನಿ" ಎಂದಳು. ಮತ್ತೆ ಅವಳು ಆ ಮಾತೆತ್ತಲಿಲ್ಲ.

ಮರುದಿನ ಆ ಸೊಸೆಯ ಮನೆಗೆ ಹೋದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಹೋಗದಿದ್ದರೆ ಅನ್ನ ಸೇರುತ್ತಿರಲಿಲ್ಲ. ಅತ್ತೆ ಮನೆಯಲ್ಲಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು. ಒಂದನ್ನೂ ಮುಚ್ಚಿಡದೆ ಹೇಳಿದೆ. ಬಡಿಯುವ ಸದ್ದು ನಿಂತಿತು.

"ಎಷ್ಟ ಕಂಪ್ಯೂಟರಿಗಿ ಹೋಗಿತ್ರಿ?"

"ನನಗ ಗೊತ್ತಿಲ್ಲವ್ವಾ."

"ನಿಮಗ ಗೊತ್ತಿಲ್ಲದ ಜಾಗಾಕ್ಕ ನನ್ನ ಮನಿ ಗುರ್ತು ಹ್ಯಾಂಗ ಕಳಿಸಿದ್ರಿ? ಒಪ್ಪಿಗಿ ಕಾಗದಕ್ಕ ನಾ ಸಹಿ ಮಾಡಿದ್ದು ನಿಮ್ಮ ಮಾರಿ ನೋಡಿ, ಕಂಪ್ಯೂಟರ್ ನೋಡಿ ಅಲ್ರಿ."

ಯಾರಿಂದಲೂ ಅಂಥ ಮಾತು ಕೇಳಿಸಿಕೊಂಡವಳಲ್ಲ ನಾನು. ಒಂದಕ್ಕೆ ಎರಡು ತಿರುಗಿ ಹೇಳುವ ಬಾಯಿ ನನ್ನದು. ಆವತ್ತು ಅಳು ಬಂತು. ಬೇಕಾದರೆ ಅವಳ ನಂಬರನ್ನೇ ಪೂರಾ ತೆಗೆಸುತ್ತೇನೆ ಎಂದೆ.

ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಬಾಗಿಲಲ್ಲಿ ಅವಳ ಮೂರು ವರ್ಷದ ಮಗಳು ಆಡುತ್ತಿದ್ದಳು. ತಾಯಿ ಸೀದ ರೊಟ್ಟಿ ಕೆಳಗಿಟ್ಟು ಮಗುವಿನ ಕಡೆ ನೋಡಿದಳು.

"ನಂಬರ್ ಇರಲಿ ಬಿಡ್ರಿ. ನಾಳೆ ಇಕಿಗೆ ಬಂದ್ರ ಚಲೋ ಔಷಧ ಬೇಕಲ್ಲ. ಖರೆ, ಆ ಖಾಲಿ ಜಾಗದಾಗ ಏನೂ ಬರೀಬ್ಯಾಡ್ರಿ. ಮನಿ ನೀವು ನೆಪ್ಪ ಇಟ್ಕೋರಿ."

ಈಗ ಟ್ಯಾಬಿನಲ್ಲಿ ಆ ಕಾಲಂ ಇಲ್ಲವೇ ಇಲ್ಲ, ತೆಗೆದುಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಅವಳ ಮನೆಗೆ ಹೋಗುತ್ತೇನೆ. ಆ ಓಣಿಯಲ್ಲಿ ಯಾರಾದರೂ "ಯಾರ ಮನಿ ಬೇಕ್ರಿ ಅಕ್ಕೋರೆ?" ಎಂದು ಕೇಳಿದರೆ, "ನನಗ ಗೊತ್ತದರಿ" ಎಂದಷ್ಟೇ ಹೇಳಿ ಮುಂದೆ ನಡೆಯುತ್ತೇನೆ.