ಹಂದಿ ಶೆಡ್ಡಿಗೆ ಹುಳುಮನೆಯ ಕಟ್ಟಳೆ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕನಕಪುರದ ಕಡೆ ಅಪ್ಪನ ಹುಳುಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತ ಬೆಳೆದೆ. ಹುಳುವಿಗೆ ರೋಗ ತಗಲದಿರಲೆಂದು, ಬಾಗಿಲ ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿಯಲ್ಲಿ ಕಾಲು ಅದ್ದದೆ ಯಾರೂ ಒಳಗೆ ಬರುವಂತಿರಲಿಲ್ಲ. ಮುಂದೆ ಹಾರೋಹಳ್ಳಿ ಹತ್ತಿರ ನನ್ನದೇ ಹಂದಿ ಶೆಡ್ಡು ಕಟ್ಟಿದಾಗ ಬಾಗಿಲಲ್ಲಿ ಅಂಥದೇ ತೊಟ್ಟಿ ಇಟ್ಟೆ. "ಹಂದಿಗೂ ಮಡಿ ಮಾಡ್ತಾನೆ ಕಣ್ಲಾ" ಎಂದು ಊರವರು ನಕ್ಕರು.

ನನ್ನ ಮಗಳು ಬೆಂಗಳೂರಿನ ಲ್ಯಾಬಿನಲ್ಲಿ, ಹಂದಿಗಳನ್ನೇ ಕೊಲ್ಲುವ ಹಂದಿಜ್ವರದ ವೈರಸ್ ಮೇಲೆಯೇ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಅಡುಗೆಮನೆಯಲ್ಲಿ ಕೇಳಿದೆ, "ಅಷ್ಟು ಸಣ್ಣದು ಅಷ್ಟು ದೊಡ್ಡ ಪ್ರಾಣಿನ ಎಂಗವ್ವ ಕೊಲ್ತದೆ?"

"ಎಲ್ಲಾ ಪ್ರೋಟೀನ್ ಕೆಲ್ಸ ಕಣಪ್ಪ. ಒಂದು ಪ್ರೋಟೀನು ರೇಷ್ಮೆಗೂಡಿನಂಗೆ ವೈರಸ್ ಸುತ್ತ ಗಟ್ಟಿ ಕವಚ ಕಟ್ತದೆ. ಇನ್ನೊಂದು ಹಂದಿ ಜೀವಕೋಶನ ಹಿಡ್ಕತದೆ. ಒಳಗೋದ್ಮೇಲೆ ಮತ್ತೊಂದು, ರೋಗ ಬರ್ದಂಗೆ ಮೈ ಕಾಯೋ ಜೀವಕೋಶಗಳ ಬಾಯಿ ಮುಚ್ಚುಸ್ತದೆ. ಒಂದೊಂದು ಆಕಾರಕ್ಕೆ ಒಂದೊಂದು ಕೆಲ್ಸ. ಆಕಾರ ಕೆಟ್ರೆ ಕೆಲ್ಸನೂ ಕೆಡ್ತು." ಒಲೆಯ ಮೇಲಿದ್ದ ಮೊಟ್ಟೆ ತೋರಿಸಿದಳು. "ಬೇಯ್ಸಿದ್ರೆ ಬಿಳಿ ಗಟ್ಟಿಯಾಗಲ್ವ? ಅದೂ ಪ್ರೋಟೀನೇ. ಮುಸುರೇಲಿ ವೈರಸ್ ಇದ್ರೆ ಅದೂ ಕುದಿಯೋವಾಗ ಹಂಗೇ ಆಕಾರ ಕೆಟ್ಟು ಸಾಯ್ತದೆ. ಹೋಟ್ಲು ಮುಸುರೆ ಕುದಿಸ್ದೆ ಹಾಕ್ಬೇಡ."

ಅಂದಿನಿಂದ ಕೊತಕೊತ ಕುದಿಯದ ಮುಸುರೆ ನನ್ನ ಹಂದಿಗಳ ಬಾಯಿಗೆ ಹೋಗಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ಅಕ್ಕನ ಊರಿಗೆ ಆ ಜ್ವರ ಬಂತು. ಬಾವ ಉಳಿದ ಎರಡು ಹೆಣ್ಣುಹಂದಿಗಳನ್ನು ಗೂಡ್ಸ್ ಆಟೋಗೆ ಹೇರಿಕೊಂಡು ನನ್ನ ಗೇಟಿಗೇ ಬಂದರು.

"ಒಸಿ ದಿನ ಇಲ್ಲಿರ್ಲಿ. ಇವಕ್ಕೇನೂ ಆಗಿಲ್ಲ."

"ಗಾಡಿ ಒಳಕ್ಕೆ ಬರೋಂಗಿಲ್ಲ, ಬಾವ. ನೀವೂ ಬರೋಂಗಿಲ್ಲ."

"ಮಗಳು ಓದವ್ಳೆ ಅಂತ ಅಕ್ಕನ ಗಂಡನ್ನ ಬೀದೀಲಿ ನಿಲ್ಲಿಸ್ತೀಯೇನ್ಲಾ?"

"ನಮ್ಮಪ್ಪನೂ ನಿಲ್ಸಿದ್ದ. ಮದ್ವೆಯಾದ ಹೊಸದ್ರಲ್ಲಿ ಹುಳುಮನೆ ಬಾಗ್ಲಲ್ಲಿ ಮುಖ ಊದಿಸ್ಕಂಡು ನಿಂತಿರ್ಲಿಲ್ವ ನೀವು?"

ಬಾವ ನಗಲಿಲ್ಲ. ಕೊಟ್ಟ ನೀರನ್ನೂ ಮುಟ್ಟದೆ ಗಾಡಿ ತಿರುಗಿಸಿದರು. ಅಕ್ಕ ಫೋನಿನಲ್ಲಿ ಅತ್ತಳು. ನನಗೂ ಅಂದು ಊಟ ಸೇರಲಿಲ್ಲ. ಆದರೂ ಗೇಟಿನ ಬೀಗ ತೆಗೆಯಲಿಲ್ಲ. ಪಶು ಡಾಕ್ಟರಿಗೆ ಹೇಳಿ ಬಾವನ ಮನೆಗೆ ಕಳಿಸಿದೆ. ಅಷ್ಟರಲ್ಲಿ ಆ ಎರಡಕ್ಕೂ ಜ್ವರ ಕಾಣಿಸಿಕೊಂಡಿತ್ತು; ಎರಡೂ ಉಳಿಯಲಿಲ್ಲ. ನನ್ನ ಶೆಡ್ಡಿನಲ್ಲಿ ಒಂದು ಮರಿಯೂ ಮೇವು ಬಿಡಲಿಲ್ಲ.

ಬಹಳ ತಿಂಗಳು ಮಾತಿರಲಿಲ್ಲ. ಈಚೆಗೆ ಬಾವ ಹೊಸ ಶೆಡ್ಡು ಕಟ್ಟಿ, ತಾವೇ ಫೋನು ಮಾಡಿ ಕರೆದರು. ಹಂದಿಗಳನ್ನು ಇನ್ನೂ ತಂದಿರಲಿಲ್ಲ. ಆದರೆ ಬಾಗಿಲ ತೊಟ್ಟಿಯಲ್ಲಿ ನೀರು ತುಂಬಿತ್ತು, ಬ್ಲೀಚಿಂಗ್ ಪೌಡರ್ ಘಾಟು ರಸ್ತೆಗೇ ಬರುತ್ತಿತ್ತು.

"ಅಲ್ಲೇ ನಿಂತ್ಕ" ಎಂದರು ಒಳಗಿನಿಂದ. "ಕಾಲು ಅದ್ದು ಮೊದ್ಲು."

ಪಂಚೆ ಎತ್ತಿ ಕಟ್ಟಿ, ಎರಡೂ ಕಾಲು ಅದ್ದಿ, ತಲೆಯೆತ್ತಿಕೊಂಡೇ ಒಳಗೆ ಹೋದೆ.